ಔತಣಕೂಟಗಳ ಚಿತ್ರಕಾರನೂ ಕಿತ್ತೂರಿನ ಚಿಕ್ಕಪ್ಪನೂ

ಕಿತ್ತೂರಿನ ಕೋಟೆಯ ಎದುರಿನಲ್ಲಿ 1824ನೆಯ ಇಸವಿಯ ಅಕ್ಟೋಬರ್ 23ರಂದು ಗುಂಡಿಗೆ ಗುರಿಯಾಗಿ ಬಿದ್ದ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯ ಹೆಸರನ್ನು ಕೇಳದವರು ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಯಾರೂ ಇರಲಾರರು. ಹಳ್ಳಿಯ ನಾಟಕದ ಅಟ್ಟದ ಮೇಲೆ, ಶಾಲೆಯ ಮಕ್ಕಳ ವೇಷಭೂಷಣದ ಸ್ಪರ್ಧೆಯಲ್ಲಿ, ಬಿ. ಆರ್. ಪಂತುಲು ಅವರು 1961ರಲ್ಲಿ ತೆರೆಗೆ ತಂದ ಚಲನಚಿತ್ರದಲ್ಲಿ, ವರುಷ ವರುಷವೂ ನಡೆಯುವ ಕಿತ್ತೂರು ಉತ್ಸವದ ಮೆರವಣಿಗೆಯಲ್ಲಿ ಆತನು ಅದೆಷ್ಟು ಸಲ ನೆಲಕ್ಕುರುಳಿದ್ದಾನೆಯೋ ಲೆಕ್ಕವಿಟ್ಟವರಿಲ್ಲ. ಆತನಿಗೆ ಗುಂಡಿಟ್ಟ ಅಮಟೂರ ಬಾಳಪ್ಪನ ಗುರಿ ಒಮ್ಮೆಯೂ ತಪ್ಪಿದ್ದಿಲ್ಲ. ಆದರೆ ಆ ಥ್ಯಾಕರೆಗೆ ಒಬ್ಬ ಅಣ್ಣನ ಮಗನಿದ್ದನೆಂಬುದೂ, ಕಿತ್ತೂರಿನಲ್ಲಿ ಮದ್ದು ಸಿಡಿದಾಗ ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲಿ ಹದಿಮೂರು ವರುಷದ ವಿದ್ಯಾರ್ಥಿಯಾಗಿದ್ದ ಆ ಹುಡುಗನೇ ಮುಂದೆ ಇಂಗ್ಲೆಂಡಿನ ಉಚ್ಚಸಮಾಜದ ನೃತ್ಯಕೂಟ, ಭೋಜನಕೂಟಗಳನ್ನು ಲೇಖನಿಯಿಂದಲೂ ಕುಂಚದಿಂದಲೂ ಚಿತ್ರಿಸಿದ ವಿಲಿಯಂ ಮೇಕ್‌ಪೀಸ್ ಥ್ಯಾಕರೆ ಎಂಬುದೂ ನಮ್ಮಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಇಂಗ್ಲಿಷ್ ಸಾಹಿತ್ಯವನ್ನು ಪಾಠವಾಗಿ ಓದಿದವರಿಗೆ ಆತನ ಕಾದಂಬರಿ 'ವ್ಯಾನಿಟಿ ಫೇರ್' ಗೊತ್ತು, ಇತಿಹಾಸವನ್ನು ಓದಿದವರಿಗೆ ಕಿತ್ತೂರು ಗೊತ್ತು. ಎರಡು ತರಗತಿಗಳ ನಡುವಣ ಗೋಡೆಯೇ ಈ ಬಂಧುತ್ವವನ್ನು ಮರೆಮಾಡಿರಬೇಕು.

ಥ್ಯಾಕರೆಯವರದು ಇಂಡಿಯಾದ ಅನ್ನವನ್ನುಂಡ ಮನೆತನ. ಕಾದಂಬರಿಕಾರನ ಅಜ್ಜನು ಸಿಲ್ಹೆಟ್ಟಿನ ಕಲೆಕ್ಟರನಾಗಿದ್ದು, ಅಲ್ಲಿಯ ಕಾಡಾನೆಗಳನ್ನು ಹಿಡಿಸಿ, ತನಗೆ ಸಂಬಳ ಕೊಡುತ್ತಿದ್ದ ಕಂಪನಿಗೇ ಮಾರಿ, ಧನಿಕನಾಗಿ ಸ್ವದೇಶಕ್ಕೆ ಹಿಂದಿರುಗಿದವನು. ಅವನ ಮಕ್ಕಳು ಒಬ್ಬರ ಹಿಂದೊಬ್ಬರಂತೆ ಇತ್ತ ಹಡಗು ಹತ್ತಿದರು. ಒಬ್ಬನು ಥಾಮಸ್ ಮನ್ರೋನ ಕೈಕೆಳಗೆ ಬಳ್ಳಾರಿಯ ಸೀಮೆಯಲ್ಲಿ ಕಂದಾಯದ ಕೆಲಸ ಕಲಿತು, 1807ರಲ್ಲಿ ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿ ವರದಿ ಬರೆದನು. ಇನ್ನೊಬ್ಬನು ನೇಪಾಳದ ಯುದ್ಧದಲ್ಲಿ ಮಡಿದನು. ಸೇಂಟ್ ಜಾನನು ಧಾರವಾಡಕ್ಕೆ ಬಂದನು. ರಿಚ್ಮಂಡನು ಬಂಗಾಳದಲ್ಲಿ ದೊಡ್ಡ ಅಧಿಕಾರಿಯಾದನು. ಈ ರಿಚ್ಮಂಡನ ಮಗನೇ ನಮ್ಮ ಚಿತ್ರಕಾರ. ಹುಟ್ಟಿದುದು ಕಲ್ಕತ್ತೆಯಲ್ಲಿ, 1811ರ ಜುಲೈ 18ರಂದು. ನಾಲ್ಕು ವರುಷ ತುಂಬಿದ ಕೆಲವೇ ತಿಂಗಳುಗಳಲ್ಲಿ ತಂದೆಯನ್ನು ಕಳೆದುಕೊಂಡು, ಆ ಕಾಲದ ಸಾಹೇಬರ ಮಕ್ಕಳೆಲ್ಲರಂತೆ ತಾಯಿಯನ್ನೂ ಅಗಲಿ ಇಂಗ್ಲೆಂಡಿಗೆ ಹೊರಟ ಆ ಬಾಲಕನಿಗೆ, ಹಡಗು ನಡುವೆ ಸೇಂಟ್ ಹೆಲೆನಾ ದ್ವೀಪದಲ್ಲಿ ತಂಗಿದಾಗ, ತೋಟದಲ್ಲಿ ಶತಪಥ ತಿರುಗುತ್ತಿದ್ದ ಬಂದಿ ನೆಪೋಲಿಯನ್ನನನ್ನು ಸೇವಕನೊಬ್ಬನು ತೋರಿಸಿದನಂತೆ.

ಆತನಿಗೆ ಮೊದಲು ಆಗಬೇಕೆನಿಸಿದ್ದುದು ಬರಹಗಾರನಲ್ಲ, ಚಿತ್ರಕಾರ. ಕೇಂಬ್ರಿಜ್ಜಿನಲ್ಲಿ ಪದವಿಯಿಲ್ಲದೆ ವಿದ್ಯಾಭ್ಯಾಸ ಮುಗಿಸಿ, ವೈಮಾರಿನ ಚಿಕ್ಕ ದರಬಾರಿನಲ್ಲಿ ಕೆಲವು ತಿಂಗಳು ಕುಣಿದು ನಲಿದು, ಅಲ್ಲಿ ವೃದ್ಧ ಗಯಟೆಯ ದರ್ಶನವನ್ನೂ ಪಡೆದು, ನ್ಯಾಯಶಾಸ್ತ್ರವನ್ನು ಓದಿಯೂ ಓದದಂತೆ ಮಾಡಿ, ಕೊನೆಗೆ ಪ್ಯಾರಿಸ್ಸಿಗೆ ಹೋಗಿ ಲೂವ್ರ್ ಸಂಗ್ರಹಾಲಯದ ಚಿತ್ರಗಳ ಮುಂದೆ ಪ್ರತಿ ತೆಗೆಯುತ್ತ ಕುಳಿತನು. ಈ ಸಂಕಲ್ಪಕ್ಕೆ ಅರ್ಧ ಕಾರಣ ಕಲಾಪ್ರೇಮವಾದರೆ ಇನ್ನರ್ಧ ದಾರಿದ್ರ್ಯ. ತಂದೆ ಬಿಟ್ಟುಹೋಗಿದ್ದ ಆಸ್ತಿಯಲ್ಲಿ ಒಂದು ಪಾಲು ಜೂಜಿನ ಮೇಜಿನ ಮೇಲೆ ಕರಗಿದ್ದಿತು. ಇನ್ನೊಂದು ಪಾಲು ಕಲ್ಕತ್ತೆಯ ವ್ಯಾಪಾರಿ ಕೋಠಿಗಳು 1833ರ ಸುಮಾರಿಗೆ ಸಾಲುಸಾಲಾಗಿ ದಿವಾಳಿಯೆದ್ದಾಗ ಮುಳುಗಿದ್ದಿತು. ಇಂಡಿಯಾದಿಂದ ಬಂದ ಹಣ ಇಂಡಿಯಾದಲ್ಲಿಯೇ ಹೋಯಿತು. 1836ರಲ್ಲಿ ನರ್ತಕಿಯರನ್ನು ಹಾಸ್ಯಮಾಡುವ ಶಿಲಾಮುದ್ರಣದ ಒಂದು ಸಣ್ಣ ಚಿತ್ರಸಂಪುಟವನ್ನು ಹೊರತಂದನು. ಅದೇ ಪುಸ್ತಕರೂಪದ ಅವನ ಮೊದಲ ಪ್ರಕಟಣೆ. ಅದೇ ವರುಷ, 'ಪಿಕ್ವಿಕ್' ಕಾದಂಬರಿಗೆ ಚಿತ್ರ ಬರೆಯುತ್ತಿದ್ದವನು ಆತ್ಮಹತ್ಯೆ ಮಾಡಿಕೊಂಡ ಸುದ್ದಿ ತಿಳಿದು, ಎರಡು ಮೂರು ಚಿತ್ರಗಳನ್ನು ಕಂಕುಳಲ್ಲಿಟ್ಟುಕೊಂಡು ಡಿಕನ್ಸನ ಮನೆಯ ಮೆಟ್ಟಿಲು ಹತ್ತಿದನು. ಡಿಕನ್ಸನು ಒಪ್ಪಲಿಲ್ಲ. ಇಪ್ಪತ್ತೆರಡು ವರುಷಗಳ ತರುವಾಯ ಈ ತಿರಸ್ಕಾರದ ಕಥೆಯನ್ನು ಆತನು ನಗುನಗುತ್ತ ಹೇಳಿದುದು ರಾಯಲ್ ಅಕಾಡೆಮಿಯ ಔತಣದಲ್ಲಿ, ನಾಡಿನ ಹೆಸರಾಂತ ಚಿತ್ರಕಾರರೆಲ್ಲರ ಎದುರಿಗೆ ಎಂಬುದು ಗಮನಿಸತಕ್ಕ ಸಂಗತಿ.

ಬಾಲ್ಯದಲ್ಲಿ ಸಹಪಾಠಿಯ ಗುದ್ದಿಗೆ ಮೂಗು ಮುರಿಸಿಕೊಂಡಿದ್ದ ಈತನು, ಅದೇ ವಿಪತ್ತಿಗೆ ಒಳಗಾಗಿದ್ದ ಇಟಲಿಯ ಮಹಾಶಿಲ್ಪಿಯ ಹೆಸರನ್ನು ಎರವಲು ಪಡೆದು 'ಮೈಕೆಲೇಂಜೆಲೋ ಟಿಟ್‌ಮಾರ್ಷ್' ಎಂಬ ಅಂಕಿತವನ್ನು ಧರಿಸಿದನು. ಆ ಅಂಕಿತದಲ್ಲಿ 1846ರ ಕ್ರಿಸ್ಮಸ್ ಹೊತ್ತಿಗೆ ಬಂದ 'ಶ್ರೀಮತಿ ಪರ್ಕಿನ್ಸರ ನೃತ್ಯಕೂಟ' ಎಂಬ ಚಿತ್ರಪುಸ್ತಕವೇ ನಮ್ಮ ವಿಷಯಕ್ಕೆ ಅತ್ಯಂತ ಸಮೀಪದ್ದು. ಕಥೆಯೆಂದು ಹೇಳುವಂಥದು ಅದರಲ್ಲಿ ಇಲ್ಲವೆಂದರೂ ಸಲ್ಲುತ್ತದೆ. ಲಂಡನ್ನಿನ ಒಂದು ಅನುಕೂಲಸ್ಥರ ಮನೆಯಲ್ಲಿ ಒಂದು ರಾತ್ರಿಯ ಕೂಟ. ಬಂದವರು ಒಬ್ಬೊಬ್ಬರಾಗಿ ನಮ್ಮ ಮುಂದೆ ಹಾಯುತ್ತಾರೆ, ಒಬ್ಬೊಬ್ಬರಿಗೂ ಒಂದು ಪುಟ, ಒಂದು ಚಿತ್ರ. ವಿಷಾದದ ಕಾವ್ಯವನ್ನು ಬರೆದು ಚೆನ್ನಾಗಿ ಉಣ್ಣುವ ಸ್ಥೂಲಕಾಯದ ಕವಯಿತ್ರಿ ಇದ್ದಾಳೆ. ವಿದೇಶಾಂಗ ಕಚೇರಿಯ ಗುಮಾಸ್ತಗಿರಿಯನ್ನೇ ಸಾಮ್ರಾಜ್ಯದ ಭಾರವೆಂಬಂತೆ ಹೊತ್ತು, ಯಾರೊಡನೆಯೂ ಮಾತನಾಡದೆ ಬಾಗಿಲಿಗೆ ಒರಗಿ ನಿಂತ ತರುಣನಿದ್ದಾನೆ. ಕರೆಯದೆ ಬಂದು, ತಾನು ಐರ್ಲೆಂಡಿನ ಪ್ರಾಚೀನ ರಾಜರ ಕುಡಿಯೆಂದು ಬೀಗುತ್ತ, ಪೋಲ್ಕಾ ನೃತ್ಯದಲ್ಲಿ ಸಾಲುಸಾಲು ಜೋಡಿಗಳನ್ನು ಢಿಕ್ಕಿ ಹೊಡೆದು, ಊಟದ ಕೋಣೆಯಲ್ಲಿ ಮದ್ಯದ ಅಮಲೇರಿ ಮನೆಯವರ ಮಾನವನ್ನೂ ಕಳೆಯುವ ಮುಲಿಗನ್ ಎಂಬ ಮಹಾನುಭಾವನಿದ್ದಾನೆ.

ಆ ಚಿತ್ರಗಳನ್ನು ಕಲಾಶಾಲೆಯ ಉಪಾಧ್ಯಾಯನ ಕಣ್ಣಿನಿಂದ ನೋಡಿದರೆ ದೋಷಗಳಿಗೆ ಕೊರತೆಯಿಲ್ಲ. ಕಾಲುಗಳು ಮೈಗೆ ಅಂಟಿಸಿದಂತಿವೆ. ಕೈಬೆರಳುಗಳ ವಿಷಯದಲ್ಲಿ ಚಿತ್ರಕಾರನಿಗೆ ನಾಚಿಕೆಯಿದ್ದಂತೆ ತೋರುತ್ತದೆ. ನೆರಳು ಬೆಳಕುಗಳ ವಿನ್ಯಾಸ ಪ್ಯಾರಿಸ್ಸಿನಲ್ಲಿ ಕಲಿತವನಿಗೆ ಶೋಭಿಸತಕ್ಕದ್ದಲ್ಲ. ಆದರೆ ಕುತ್ತಿಗೆಯನ್ನು ಯಾರು ಯಾರ ಕಡೆಗೆ ಬಾಗಿಸಿದ್ದಾರೆ, ಯಾರ ಕಣ್ಣು ಯಾರ ಕೊರಳ ಹಾರದ ಮೇಲಿದೆ, ಮಗಳು ಯಾರ ಜೊತೆಯಲ್ಲಿ ಕುಣಿಯುತ್ತಿದ್ದಾಳೆಂದು ಬೀಸಣಿಗೆಯ ಮರೆಯಿಂದ ನೋಡುವ ತಾಯಿಯ ಮನಸ್ಸಿನಲ್ಲಿ ಆ ತರುಣನ ವಾರ್ಷಿಕ ಉತ್ಪನ್ನದ ಲೆಕ್ಕ ಹೇಗೆ ಓಡುತ್ತಿದೆ, ಇವೆಲ್ಲವನ್ನೂ ಆತನ ಪೆನ್ಸಿಲು ಒಂದೆರಡು ಗೀಟಿನಲ್ಲಿ ಹಿಡಿದುಬಿಡುತ್ತದೆ. ಔತಣವನ್ನು ಚಿತ್ರಿಸಿದ ಮಹಾಚಿತ್ರಕಾರರಲ್ಲಿ ಬಹುಮಂದಿ ದೀಪಗಳ ಬೆಳಕನ್ನೂ ರೇಷ್ಮೆಯ ಹೊಳಪನ್ನೂ ಬರೆದರು. ಈತನು ಬರೆದುದು ಔತಣದ ಖರ್ಚಿನ ಲೆಕ್ಕವನ್ನು.

ಆ ಲೆಕ್ಕವೇ 'ವ್ಯಾನಿಟಿ ಫೇರ್' ಕಾದಂಬರಿಯ ಜೀವ. 1847ರ ಜನವರಿಯಿಂದ 1848ರ ಜುಲೈವರೆಗೆ ತಿಂಗಳಿಗೊಂದು ಸಂಚಿಕೆಯಾಗಿ ಬಂದ ಅದಕ್ಕೆ, ಇಂಗ್ಲಿಷ್ ಸಮಾಜದ ಲೇಖನಿ ಮತ್ತು ಪೆನ್ಸಿಲಿನ ರೇಖಾಚಿತ್ರಗಳು ಎಂಬರ್ಥದ ಉಪಶೀರ್ಷಿಕೆಯಿದ್ದಿತು. ಹೊದಿಕೆಯ ಮೇಲಣ ವಿದೂಷಕ, ಪ್ರತಿ ಅಧ್ಯಾಯದ ಮೊದಲಕ್ಷರಕ್ಕೆ ಸುತ್ತಿಕೊಂಡ ಪುಟ್ಟ ಚಿತ್ರಗಳು, ಪೂರ್ಣಪುಟದ ಫಲಕಗಳು ಎಲ್ಲವೂ ಕರ್ತೃವಿನ ಕೈಯವೇ. ಕಥೆ ನಡೆಯುವುದು ವಾಟರ್ಲೂ ಯುದ್ಧದ ಕಾಲದಲ್ಲಿ. ಆದರೆ ಆ ಕಾಲದ ಉಡುಪುಗಳು ತೀರ ಕುರೂಪವಾಗಿದ್ದುದರಿಂದ, ತನ್ನ ನಾಯಕ ನಾಯಿಕೆಯರನ್ನು ಹಾಗೆ ವಿಕಾರಗೊಳಿಸಲು ಮನಸ್ಸು ಬಾರದೆ, ಈಗಿನ ಉಡುಪಿನಲ್ಲೇ ಬರೆಯುತ್ತಿದ್ದೇನೆಂದು ಆತನು ಅಡಿಟಿಪ್ಪಣಿಯಲ್ಲಿ ನಿವೇದಿಸಿಕೊಂಡನು. ನೆಪವೇನೋ ಸೌಂದರ್ಯದ್ದು, ಪರಿಣಾಮ ಮಾತ್ರ ಬೇರೆ. ಮೂವತ್ತು ವರುಷಗಳ ಹಿಂದಿನವರ ಕಥೆಯೆಂದು ನಿಶ್ಚಿಂತೆಯಿಂದ ಪುಟ ತೆರೆದ ಲಂಡನ್ನಿನ ಓದುಗನಿಗೆ, ಚಿತ್ರದಲ್ಲಿ ತನ್ನದೇ ಅಂಗಿ, ತನ್ನ ಹೆಂಡತಿಯದೇ ಟೋಪಿ ಎದುರಾಯಿತು.

ಆ ಪುಸ್ತಕದಲ್ಲಿ ಕರ್ಜನ್ ಬೀದಿಯ ಒಂದು ಮನೆಯುಂಟು. ಬೆಕ್ಕಿ ಶಾರ್ಪ್ ಎಂಬ ಚತುರೆಯೂ ಆಕೆಯ ಪತಿಯೂ ಬಿಡಿಗಾಸಿನ ವರಮಾನವಿಲ್ಲದೆ ಅಲ್ಲಿ ವೈಭವದಿಂದ ಬಾಳುತ್ತಾರೆ; ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ, ಸಂಗೀತ ನಡೆಯುತ್ತದೆ, ಮಾರ್ಕ್ವಿಸ್ಸರು ಬಂದುಹೋಗುತ್ತಾರೆ. ಆ ಮನೆಯ ಒಡೆಯನು ಹಿಂದೆ ಶ್ರೀಮಂತರಲ್ಲಿ ಬಟ್ಲರನಾಗಿ, ಜೀವಮಾನವೆಲ್ಲ ಉಳಿಸಿ ಕಟ್ಟಿದ ಹಣದಿಂದ ಅದನ್ನು ಕೊಂಡುಕೊಂಡ ರ‍್ಯಾಗಲ್ಸ್ ಎಂಬ ಬಡಪಾಯಿ. ಬಾಡಿಗೆಯೂ ಬಾರದೆ, ಪೂರೈಸಿದ ದಿನಸಿಗೆ ದುಡ್ಡೂ ಬಾರದೆ ಆತನು ಸಾಲಗಾರನಾಗುತ್ತಾನೆ. ಅತಿಥಿಗಳು ಹೀರಿದ ಒಂದೊಂದು ಬಟ್ಟಲಿನ ಬೆಲೆಯೂ ಆತನ ಮಕ್ಕಳ ಬಾಯಿಂದ ಬಂದುದೆಂಬುದನ್ನು ಥ್ಯಾಕರೆ ಧ್ವನಿಯೇರಿಸದೆ, ಅಂಗಡಿಯ ಖಾತೆಯನ್ನು ಓದುವವನಂತೆ ಹೇಳಿ ಮುಂದಕ್ಕೆ ಹೋಗುತ್ತಾನೆ.

ನೃತ್ಯಕೂಟಗಳ ಪೈಕಿ ಪ್ರಸಿದ್ಧವಾದುದು 1815ರ ಜೂನ್ 15ರ ರಾತ್ರಿ ಬ್ರಸೆಲ್ಸ್ ನಗರದಲ್ಲಿ ರಿಚ್ಮಂಡಿನ ಡಚೆಸ್ ಏರ್ಪಡಿಸಿದ್ದುದು. ಇದು ಇತಿಹಾಸದಲ್ಲಿ ನಡೆದದ್ದೇ. ವೆಲಿಂಗ್ಟನ್ನನು ಅತಿಥಿಗಳ ನಡುವೆ ಇದ್ದಾಗಲೇ ನೆಪೋಲಿಯನ್ನನ ಸೇನೆ ಗಡಿ ದಾಟಿ ಬಂದ ವಾರ್ತೆ ದೃಢವಾಯಿತು. ಕುಣಿತದ ಉಡುಪನ್ನು ಬದಲಿಸಲೂ ಸಮಯವಿಲ್ಲದೆ ಮರುದಿನ ಕೆಲವರು ಕಾಳಗಕ್ಕಿಳಿದರು. ಮೂರನೆಯ ದಿನ ವಾಟರ್ಲೂ. ತರುವಾಯದ ಚಿತ್ರಕಾರರಿಗೆ ಈ ಸನ್ನಿವೇಶ ಹಬ್ಬದೂಟವಾಯಿತು. 1860ರಲ್ಲಿ ಮಿಲೇಸನು ಯುದ್ಧಕ್ಕೆ ಹೊರಟ ಕಪ್ಪು ಸಮವಸ್ತ್ರದ ಯೋಧನನ್ನು ಬಾಗಿಲಲ್ಲಿ ತಡೆಯುವ ತರುಣಿಯ ಹೊಳೆಯುವ ರೇಷ್ಮೆಯುಡುಗೆಯನ್ನು ಬರೆದು ಜನಸಮೂಹವನ್ನೇ ಆಕರ್ಷಿಸಿದನು. ಹಿಲಿಂಗ್‌ಫರ್ಡನು ಇಡಿಯ ಸಭಾಂಗಣವನ್ನೇ ಬರೆದನು. ಥ್ಯಾಕರೆಗೆ ಆ ರಾತ್ರಿಯಲ್ಲಿ ಕಂಡುದು ಬೆಕ್ಕಿಗೆ ಜಾರ್ಜ್ ಆಸ್ಬೋರ್ನನು ನೀಡುವ ಹೂಗೊಂಚಲು, ಅದರೊಳಗೆ ಅಡಗಿಸಿಟ್ಟ ಕಾಗದದ ಚೂರು, ಮೂಲೆಯಲ್ಲಿ ಒಬ್ಬಳೇ ಕುಳಿತ ಅವನ ಪತ್ನಿ ಅಮೀಲಿಯಾ. ವಾಟರ್ಲೂವಿನಲ್ಲಿ ಜಾರ್ಜನು ಸಾಯುತ್ತಾನೆ. ಆ ಕಾಗದ ಸಾಯದೆ ಕಾದಂಬರಿಯ ಕೊನೆಯವರೆಗೆ ಉಳಿದು, ತನ್ನ ಕೆಲಸವನ್ನು ತೀರಿಸುತ್ತದೆ.

ಇಷ್ಟಾದರೂ ಕಿತ್ತೂರಿನ ಕಡೆಯ ಓದುಗನು ಕಣ್ಣಿಟ್ಟು ನೋಡಬೇಕಾದ ಪಾತ್ರ ಇನ್ನೊಂದು: ಅಮೀಲಿಯಳ ಅಣ್ಣ ಜೋಸ್ ಸೆಡ್ಲಿ, ಬಂಗಾಳದ ಯಾವುದೋ ಕಾಡುಸೀಮೆಯ ಕಲೆಕ್ಟರ್. ಉಬ್ಬಿದ ಹೊಟ್ಟೆ, ಬಣ್ಣಬಣ್ಣದ ಒಳಅಂಗಿಗಳು, ಹೆಂಗಸರೆಂದರೆ ನಡುಕ, ಊಟದ ಮೇಜಿನ ಮೇಲೆ ಇಂಡಿಯಾದ ಮೆಣಸಿನಕಾಯಿಯ ಪರಾಕ್ರಮ. ಅವನನ್ನು ಮೆಚ್ಚಿಸಲು ಬೆಕ್ಕಿ ಮೇಲೋಗರವನ್ನು ತಿಂದು, ಬಾಯುರಿಯಿಂದ ಕಂಗೆಟ್ಟು, ಹೆಸರು ಕೇಳಿ ತಂಪಿನ ವಸ್ತುವೆಂದು ಭ್ರಮಿಸಿ ಹಸಿಮೆಣಸನ್ನೂ ಕಚ್ಚುವ ಪ್ರಸಂಗವನ್ನು ನಮ್ಮ ಬೈಲಹೊಂಗಲದ ಯಾವ ಗೃಹಿಣಿಯಾದರೂ ಓದಿದರೆ ಥ್ಯಾಕರೆಯ ಮೇಲಣ ಹಳೆಯ ಸಿಟ್ಟನ್ನು ಅರೆಗಳಿಗೆ ಮರೆತಾಳು. ಬ್ರಸೆಲ್ಸಿನಲ್ಲಿ ಮೀಸೆ ಬಿಟ್ಟು, ಸೈನಿಕನಂತೆ ಉಡುಪು ತೊಟ್ಟು ಮೆರೆಯುವ ಈತನು, ಫಿರಂಗಿಯ ಶಬ್ದ ಕೇಳಿದೊಡನೆಯೆ ಮೀಸೆಯನ್ನು ಬೋಳಿಸಿಕೊಂಡು, ಬೆಕ್ಕಿ ಕೇಳಿದ ಬೆಲೆ ತೆತ್ತು ಕುದುರೆಗಳನ್ನು ಕೊಂಡು ಪಲಾಯನ ಮಾಡುತ್ತಾನೆ. ಕಲ್ಕತ್ತೆಗೆ ಮರಳಿದಮೇಲೆ ವಾಟರ್ಲೂ ವೀರನೆಂದು ಹೆಸರಾಗುತ್ತಾನೆ.

ಕಿತ್ತೂರಿನಲ್ಲಿ ಬಿದ್ದ ಕಲೆಕ್ಟರು ಅಂಥವನಾಗಿರಲಿಲ್ಲ. ಶತ್ರುವಿಗೂ ಸಲ್ಲತಕ್ಕ ನ್ಯಾಯವನ್ನು ಸಲ್ಲಿಸಬೇಕಷ್ಟೆ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜನು ತೀರಿಕೊಂಡಾಗ ಆತನು ಮಾಡಿಕೊಂಡ ದತ್ತಕವನ್ನು ಒಪ್ಪದೆ, ಭಂಡಾರಕ್ಕೆ ಮುದ್ರೆಯೊತ್ತಿ, ಕಾವಲಿಟ್ಟು, ಕೋಟೆಯ ಬಾಗಿಲು ತೆರೆಯದಿದ್ದಾಗ ತೋಪುಗಳನ್ನು ತಂದು ನಿಲ್ಲಿಸಿದ ಸೇಂಟ್ ಜಾನ್ ಥ್ಯಾಕರೆ ಉದ್ಧಟನಾಗಿದ್ದನು, ದುಡುಕಿನವನಾಗಿದ್ದನು, ಅಂಜುಬುರುಕನಾಗಿರಲಿಲ್ಲ. ಅವನೊಡನೆ ಸೇನಾಧಿಕಾರಿಗಳೂ ಬಿದ್ದರು. ಸ್ಟೀವನ್ಸನ್ ಮತ್ತು ಎಲಿಯಟ್ ಎಂಬಿಬ್ಬರು ತರುಣ ಅಧಿಕಾರಿಗಳು ಸೆರೆಯಾದರು. ಈ ಎಲಿಯಟ್ಟನೇ ಮುಂದೆ ಕನ್ನಡ ಶಾಸನಗಳನ್ನು ನೂರುಗಟ್ಟಲೆಯಾಗಿ ಪ್ರತಿಮಾಡಿಸಿ ಸಂಗ್ರಹಿಸಿದ ವಾಲ್ಟರ್ ಎಲಿಯಟ್. ಡಿಸೆಂಬರಿನ ಎರಡನೆಯ ಮುತ್ತಿಗೆಯಲ್ಲಿ ಕೋಟೆ ಬಿದ್ದಿತು. ಕಿತ್ತೂರಿನ ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿ 2ರಂದು ಕಣ್ಣುಮುಚ್ಚಿದಳು.

ಜಗಳದ ಬೇರು ದತ್ತಕದ ಶಾಸ್ತ್ರಾರ್ಥದಲ್ಲಿ ಇದ್ದಂತೆ ತೋರಿದರೂ ತಾಯಿಬೇರು ಭಂಡಾರದಲ್ಲಿಯೇ ಇದ್ದಿತು. ವಾರಸುದಾರನಿಲ್ಲವೆಂದು ತೀರ್ಮಾನವಾದರೆ ಸಂಸ್ಥಾನದ ಇಡಿಯ ಉತ್ಪನ್ನ ಕಂಪನಿಗೆ. ಇದೇ ದತ್ತಕದ ಕಿಚ್ಚು ಮೂವತ್ತನಾಲ್ಕು ವರುಷಗಳ ಮೇಲೆ ನರಗುಂದದಲ್ಲಿ ಹೊತ್ತಿಕೊಂಡು, ರಾಮದುರ್ಗದಿಂದ ಹೊರಟು ಸುರೇಬಾನದಲ್ಲಿ ಬಿಡಾರ ಮಾಡಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು 1858ರ ಮೇ 29ರ ರಾತ್ರಿ ಆಹುತಿ ತೆಗೆದುಕೊಂಡಿತು. ಈ ಸೀಮೆಗಳ ಕಂದಾಯ ಸಾಗುತ್ತಿದ್ದುದು ಎಲ್ಲಿಗೆ? ಒಂದು ಪಾಲು ಸೈನ್ಯಕ್ಕೆ, ಒಂದು ಪಾಲು ಸಂಬಳಕ್ಕೆ, ಮತ್ತೊಂದು ಪಾಲು ಪಾಲುದಾರರ ಲಾಭಾಂಶವಾಗಿ, ನಿವೃತ್ತ ಕಲೆಕ್ಟರುಗಳ ಪೆನ್ಷನ್ನಾಗಿ, ಅಣ್ಣನ ಮಗನು ಟೊಪ್ಪಿಗೆ ಕಳಚಿ ಒಳಹೊಕ್ಕು ಚಿತ್ರ ಬರೆದ ಆ ದೀಪೋಜ್ಜ್ವಲ ಕೋಣೆಗಳಿಗೆ. ರ‍್ಯಾಗಲ್ಸನ ಲೆಕ್ಕವನ್ನು ಅಷ್ಟು ಸ್ಪಷ್ಟವಾಗಿ ಬರೆದವನು ಈ ಲೆಕ್ಕವನ್ನು ಬರೆಯಲಿಲ್ಲ. ಕಲೆಕ್ಟರನ ಹೊಟ್ಟೆಯನ್ನು ನೋಡಿ ನಕ್ಕನು. ಅದನ್ನು ತುಂಬಿದ ಹೊಲಗಳ ಕಡೆಗೆ ತಿರುಗಲಿಲ್ಲ.

ನಮ್ಮಲ್ಲಿ ಕೂಟಗಳ ಇಂಥ ಚಿತ್ರಗಳ ಸಂಪ್ರದಾಯವೇ ಇರಲಿಲ್ಲವೆನ್ನುವಂತಿಲ್ಲ. ಬಿಜಾಪುರದ ಬಳಿಯ ಕುಮಟಗಿಯ ಜಲಮಹಲುಗಳ ಗೋಡೆಗಳಲ್ಲಿ ಆದಿಲಶಾಹಿಯ ವಿಲಾಸಜೀವನವು ಮಾಸಿದ ಬಣ್ಣಗಳಲ್ಲಿ ಇನ್ನೂ ಉಳಿದಿದೆ. ಲಖನೌದ ನವಾಬನು ಇಂಗ್ಲಿಷ್ ಕರ್ನಲ್ಲನೊಡನೆ ಕೋಳಿಯ ಕಾಳಗಕ್ಕೆ ನಿಂತ ಕೂಟವನ್ನು, ವಾರನ್ ಹೇಸ್ಟಿಂಗ್ಸನ ಅಪೇಕ್ಷೆಯ ಮೇರೆಗೆ ಝೋಫನಿಯು ಚಿತ್ರಿಸಿ, ಆ ಗದ್ದಲದ ನಡುವೆ ತನ್ನನ್ನೂ ಕೂಡಿಸಿಕೊಂಡಿದ್ದಾನೆ. ಕಿತ್ತೂರಿನ ಒಡ್ಡೋಲಗಕ್ಕೆ ಅಂಥ ಭಾಗ್ಯ ಒದಗಲಿಲ್ಲ. ಅರಮನೆಯ ಪಾಳುಗೋಡೆಗಳು ಕಂಬಗಳ ಅಳತೆಯನ್ನು, ಸ್ನಾನಗೃಹದ ಕಾಲುವೆಯನ್ನು, ಧ್ರುವನಕ್ಷತ್ರವನ್ನು ನೋಡುವ ಕಿಂಡಿಯನ್ನು ತೋರಿಸುತ್ತವೆಯೇ ವಿನಾ ಅಲ್ಲಿ ಕುಳಿತವರ ಮುಖಗಳನ್ನು ತೋರಿಸವು. ಈ ನಾಡು ತನ್ನ ಶ್ರೀಮಂತರ ಸುಖವನ್ನೂ ಕೇಡನ್ನೂ ದಾಖಲಿಸಿದುದು ಹಾಡಿನಲ್ಲಿ. ಹಣವಂತನ ಮೋಹ, ಜಾತ್ರೆಯ ನೋಟ, ಗೆಳೆಯನ ಕುಟಿಲತೆ, ಕೊನೆಗೆ ಕೊಲೆ ಎಂದು ಸಾಗುವ ಸಂಗ್ಯಾನ ಕಥೆ ಬೈಲಹೊಂಗಲದ್ದೇ. ಸವದತ್ತಿಯ ರಟ್ಟರ ಶಾಸನಗಳನ್ನು ಓದಿ ಪ್ರಕಟಿಸಿದ ಫ್ಲೀಟನು, ಆ ಸಂಗ್ಯಾನ ಲಾವಣಿಯನ್ನೂ ಕಿತ್ತೂರಿನ ವೀರ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಬರೆದುಕೊಂಡು 1880ರ ದಶಕದಲ್ಲಿ ಅಚ್ಚುಮಾಡಿಸಿದನು. ಕಲ್ಲನ್ನು ಓದುವ ವಿದ್ವಾಂಸನು ಹಾಡನ್ನೂ ಕೇಳಿಸಿಕೊಂಡದ್ದು ನಮ್ಮ ಪುಣ್ಯ.

ಕೀರ್ತಿ ಬಂದಮೇಲೆ ಥ್ಯಾಕರೆಗೆ ತಾನು ಬಾಗಿಲಲ್ಲಿ ನಿಂತು ಬರೆಯುತ್ತಿದ್ದ ಕೂಟಗಳಲ್ಲಿ ಒಳಗಣ ಆಸನವೇ ದೊರಕಿತು. ಡ್ಯೂಕರ ಮನೆಯ ಆಮಂತ್ರಣಗಳು ಬಂದುವು, ಚಿತ್ರದ ಗೀಟುಗಳು ಮೊಂಡಾದುವು. 1853ರಿಂದ 1855ರವರೆಗೆ ಬಂದ 'ನ್ಯೂಕಮ್ಸ್' ಕಾದಂಬರಿಗೆ ಚಿತ್ರ ಬರೆಯುವ ಕೆಲಸವನ್ನು ರಿಚರ್ಡ್ ಡಾಯ್ಲನಿಗೆ ಒಪ್ಪಿಸಿದನು. ಅದರಲ್ಲಿಯೂ ಒಂದು ಔತಣಕೂಟವಿದೆ, ಅದರಲ್ಲಿ ಒಬ್ಬ ಭಾರತೀಯನಿದ್ದಾನೆ: ವಜ್ರಗಳನ್ನು ತೊಟ್ಟ ಕಲ್ಕತ್ತೆಯ ವರ್ತಕ ರಮ್ಮನ್ ಲಾಲ್. ರಾಜಕುಮಾರನೆಂದು ತಿಳಿದು ಹೆಂಗಸರು ಅವನನ್ನು ಮುತ್ತುತ್ತಾರೆ. ಕರ್ನಲ್ ನ್ಯೂಕಮ್ ಒಳಗೆ ಬಂದಕೂಡಲೆ ಈ ರಾಜಕುಮಾರನು ಸೇವಕನಂತೆ ಬಾಗಿ ನಮಸ್ಕರಿಸುತ್ತಾನೆ. ಕಥೆ ಮುಂದುವರಿದಂತೆ ಅವನು ಸ್ಥಾಪಿಸಿದ ಬ್ಯಾಂಕು ಕರ್ನಲ್ಲನ ಸರ್ವಸ್ವವನ್ನೂ ನುಂಗುತ್ತದೆ. ತನ್ನ ತಾರುಣ್ಯದ ಆಸ್ತಿಯನ್ನು ನುಂಗಿದ ಕಲ್ಕತ್ತೆಯ ಆ ಕೋಠಿಗಳನ್ನು ನಡೆಸುತ್ತಿದ್ದವರು ಬಹುತೇಕ ಯೂರೋಪಿಯನ್ನರೇ ಆಗಿದ್ದರೂ, ಕಾದಂಬರಿಯಲ್ಲಿ ಆ ಅಪರಾಧದ ಪೋಷಾಕನ್ನು ಥ್ಯಾಕರೆ ತೊಡಿಸಿದುದು ಇಂಡಿಯಾದವನಿಗೆ. ಹಾಗೆಂದು ಇಂಡಿಯಾದವರು ಆತನ ಮನೆಗೆ ಹೊರಗಿನವರೇನೂ ಆಗಿರಲಿಲ್ಲ: ತಂದೆ ರಿಚ್ಮಂಡನಿಗೆ ವಿವಾಹಕ್ಕೆ ಮುಂಚೆ ಕಲ್ಕತ್ತೆಯ ಮಿಶ್ರವಂಶದ ಸ್ತ್ರೀಯಲ್ಲಿ ಜನಿಸಿದ ಸಾರಾ ಎಂಬ ಮಗಳಿದ್ದಳು; ಆಕೆ ಚಿತ್ರಕಾರನ ಅಕ್ಕ. ಇಂಗ್ಲೆಂಡಿನ ಅತಿಥಿಗಳಲ್ಲಿ ಒಬ್ಬೊಬ್ಬರ ಮುಖವಾಡವನ್ನೂ ಸರಿಸಿ ನೋಡಿದ ಆ ಕಣ್ಣಿಗೆ, ಕಪ್ಪುಮೈಯ ಅತಿಥಿಯ ವಜ್ರಗಳು ಕಂಡಷ್ಟು ಸ್ಫುಟವಾಗಿ ಅವನ ಮುಖ ಕಾಣಲೇ ಇಲ್ಲ.